ಚಿಕ್ಕಪ್ಪನ ಕೆಮ್ಮಿನ ಔಷಧಿ

ಅಪ್ಪ ಸತ್ತ ಐದನೇ ತಿಂಗಳಿಗೆ ಚಿಕ್ಕಪ್ಪ ಬಂದು ಅಪ್ಪನ ಔಷಧಿ ಅಂಗಡಿಯ ಕುರ್ಚಿಯಲ್ಲಿ ಕೂತ. ಆರನೇ ತಿಂಗಳಿಗೆ ಅಮ್ಮನನ್ನು ಮದುವೆಯಾದ. ಮಗ ಅದನ್ನೂ ನುಂಗಿಕೊಂಡಿದ್ದ. ಆದರೆ ಒಂದು ದಿನ ಕಪಾಟು ಒರೆಸುವಾಗ ಮೂಲೆಯಲ್ಲಿ ಅಪ್ಪನ ಹೃದಯದ ಮಾತ್ರೆಯ ಡಬ್ಬಿ ಸಿಕ್ಕಿತು. ಮೇಲೆ ಚಿಕ್ಕಪ್ಪನ ಕೈಬರಹದಲ್ಲಿ ಅಪ್ಪನ ಹೆಸರು. ಒಳಗೆ ಬೇರೆಯೇ ಮಾತ್ರೆ.

ಅದೇ ಅಂಗಡಿಯಲ್ಲಿ ಔಷಧಿ ಕೊಡುವ ಕೆಲಸ ಮಾಡುತ್ತಿದ್ದ ಮಗ ಮೂರು ವಾರ ಯೋಚಿಸಿದ. ಚಿಕ್ಕಪ್ಪನಿಗೆ ಹಳೆಯ ಕೆಮ್ಮು. ಮಧ್ಯಾಹ್ನ ಊಟವಾದ ಮೇಲೆ ಮೇಜಿನ ಖಾನೆಯಿಂದ ಸೀಸೆ ತೆಗೆದು ಎರಡು ಚಮಚ ಕುಡಿಯುವುದು ರೂಢಿ. ಆ ಔಷಧಿ ಮೊದಲೇ ಕಹಿ. ಇನ್ನೊಂದು ಕಹಿ ಸೇರಿದರೆ ನಾಲಿಗೆಗೆ ತಿಳಿಯದು. ಅರವತ್ತು ದಾಟಿದ ಮನುಷ್ಯ, ರಕ್ತದೊತ್ತಡ ಬೇರೆ. ಡಾಕ್ಟರು ತಲೆ ಕೆಡಿಸಿಕೊಳ್ಳುವುದಿಲ್ಲ. ಅಪ್ಪ ಸತ್ತಾಗಲೂ ಕೆಡಿಸಿಕೊಂಡಿರಲಿಲ್ಲ.

ಗುರುವಾರ ಬೆಳಿಗ್ಗೆ ಕೈಗವಸು ಹಾಕಿಕೊಂಡು ಖಾನೆಯ ಸೀಸೆಗೆ ವಿಷ ಬೆರೆಸಿಟ್ಟ. ತನ್ನ ಬಗ್ಗೆ ತನಗೇ ಒಂದಿಷ್ಟು ಹೆಮ್ಮೆಯಾಯಿತು.

ಹನ್ನೆರಡೂವರೆಗೆ ಹಿಂದಿನ ಕೋಣೆಯಿಂದ ಬಂದರೆ, ಚಿಕ್ಕಪ್ಪ ಅಪ್ಪನ ಫೋಟೋದ ಎದುರು ನಿಂತಿದ್ದ. ಬೆನ್ನು ಅಲುಗುತ್ತಿತ್ತು.

“ತಪ್ಪಾಯ್ತು ಅಣ್ಣಾ. ಕ್ಷಮಿಸ್ಬಿಡು.”

ಮಗನ ಸಿಟ್ಟು ಜರ್ರನೆ ಇಳಿಯಿತು. ಅಳುತ್ತಿರುವವನನ್ನು ಕೊಂದರೆ ಇವನಿಗೂ ತನಗೂ ಏನು ವ್ಯತ್ಯಾಸ? ಬದುಕಿ ಕೊರಗಲಿ, ಅದೇ ಶಿಕ್ಷೆ. ಚಿಕ್ಕಪ್ಪ ಕೈ ತೊಳೆಯಲು ಹೋದದ್ದೇ ತಡ, ಖಾನೆ ಎಳೆದು ವಿಷದ ಸೀಸೆಯನ್ನು ಜೇಬಿಗಿಳಿಸಿದ. ಕಪಾಟಿನಿಂದ ಅದೇ ಔಷಧಿಯ ಇನ್ನೊಂದು ಸೀಸೆ ತೆಗೆದು ಅದೇ ಜಾಗದಲ್ಲಿಟ್ಟ. ಎದೆ ಹಗುರಾಯಿತು. ಎಷ್ಟೋ ತಿಂಗಳ ಮೇಲೆ ಊಟ ರುಚಿಸಿತು. ಚಿಕ್ಕಪ್ಪನ ತಟ್ಟೆಗೂ ತಾನೇ ಎರಡನೇ ಸಲ ಬಡಿಸಿದ.

“ಏನೋ, ಇವತ್ತು ಬಲು ಖುಷಿಯಾಗಿದೀಯ?”

“ಹಾಗೇನಿಲ್ಲ ಚಿಕ್ಕಪ್ಪ. ಹಸಿವಾಗಿತ್ತು.”

ಊಟ ಮುಗಿಸಿ ಚಿಕ್ಕಪ್ಪ ಸೀಸೆ ತೆಗೆದ. ಮುಚ್ಚಳ ತಿರುಗಿಸಲು ಹೋಗಿ, ತಿರುಗಿಸದೇ ಬಿಟ್ಟು, ಬೆಳಕಿಗೆ ಹಿಡಿದು ನೋಡಿದ. ನಿಧಾನವಾಗಿ ಎದ್ದು ಅಂಗಡಿಯ ಬಾಗಿಲು ಎಳೆದು ಚಿಲಕ ಹಾಕಿ ಬಂದ. ಕಣ್ಣು ಒಣಗಿತ್ತು; ನೋಟ ಮಗನ ಉಬ್ಬಿದ ಜೇಬಿನ ಮೇಲಿತ್ತು. “ನಿನ್ನೆಗೇ ಇದು ಅರ್ಧ ಖಾಲಿಯಾಗಿತ್ತು ಮಗಾ,” ಎಂದ. “ಇವತ್ತು ಕುತ್ತಿಗೆವರೆಗೂ ತುಂಬಿದೆ, ಸೀಲೂ ಒಡೆದಿಲ್ಲ. ಎಲ್ಲಿ, ಜೇಬಲ್ಲಿರೋ ಹಳೇದನ್ನ ತೆಗಿ. ಎರಡು ಚಮಚ ನೀನೇ ಕುಡಿ, ನೋಡೋಣ.”