ಕಿವಿಯೊಳಗಿನ ಅರಳೆ

ಪಾರ್ವತವ್ವನನ್ನು ಕೆರೆಯಿಂದ ಮೇಲೆತ್ತಿದಾಗ ಕುತ್ತಿಗೆಯ ಮೇಲೆ ಬೆರಳುಗಳ ಗುರುತಿತ್ತು. ಹದಿನಾರರ ಹುಡುಗಿ. ಹಿಂದಿನ ದಿನವಷ್ಟೇ ಅಪ್ಪನ ಜೊತೆ ಶಿರಸಿಯ ಡಾಕ್ಟರ್ ರಘುಪತಿಯವರ ಆಸ್ಪತ್ರೆಯಿಂದ ಬನವಾಸಿ ಕಡೆಯ ತನ್ನೂರಿಗೆ ಮರಳಿದ್ದಳು.

"ಕಾರಿನ ಕರೀಂನ ಕಣ್ಣು ಅಕಿ ಮ್ಯಾಲಿತ್ರಿ. ಅವನೇ ಕೊಂದಾನ," ಎಂದು ಅಪ್ಪ, ಊರ ಸಾಹುಕಾರ ಚಂದ್ರಶೇಖರಪ್ಪ ದೂರು ಕೊಟ್ಟ. ಅವರನ್ನು ಕರೆತಂದಿದ್ದ ಬಾಡಿಗೆ ಕಾರಿನ ಕರೀಂ ಲಾಕಪ್ಪಿಗೆ ಹೋದ. ಊರು ನಂಬಿತು. ನಂಬಲು ಊರಿಗೆ ಹೆಚ್ಚೇನು ಬೇಕು?

ಸಬ್ ಇನ್ಸ್‌ಪೆಕ್ಟರ್ ಶಿವಪುತ್ರಪ್ಪ ಮಾತ್ರ ನಂಬಲಿಲ್ಲ. ನೇರ ಆಸ್ಪತ್ರೆಗೆ ಹೋದರು.

"ಹುಡುಗಿಗೆ ಏನಾಗಿತ್ರಿ?"

"ಹೇಳಲಾರೆ. ಅವಳಿಗೆ ಮಾತು ಕೊಟ್ಟಿದ್ದೇನೆ," ಎಂದರು ರಘುಪತಿ.

"ಅಕಿ ಸತ್ತಾಳ್ರಿ ಡಾಕ್ಟ್ರ. ಕರೀಂ ಇನ್ನೂ ಬದುಕ್ಯಾನ."

ಡಾಕ್ಟರು ಕುರ್ಚಿ ಎಳೆದು ಕೂತರು. "ಗರ್ಭ ಹೋಗಿತ್ತು. ರಕ್ತ ನಿಲ್ಲುತ್ತಿರಲಿಲ್ಲ. ಅಂಥದ್ದರಲ್ಲೂ ನನ್ನ ಕೈ ಹಿಡಿದು ಒಂದೇ ಮಾತು—ಅಪ್ಪಗ ಹೇಳಬ್ಯಾಡ್ರಿ, ಕೊಂದಬಿಡತಾನ. ಅವನಿಗೆ ಹೊಟ್ಟೆಹುಣ್ಣು ಅಂತ ಹೇಳಿದೆ."

"ಅಂದ್ರ ಅಪ್ಪಗ ಗೊತ್ತಿಲ್ಲ?"

"ಇಲ್ಲ. ಆಯಾ ದ್ಯಾವಮ್ಮನೂ ಬಾಯಿ ಬಿಟ್ಟಿಲ್ಲ."

ಗೊತ್ತೇ ಇಲ್ಲದ ಅಪ್ಪ ಯಾಕೆ ಕೊಂದಾನು? ಡಾಕ್ಟರ ಸತ್ಯವೇ ಕರೀಂನ ಕೊರಳಿಗೆ ಉರುಳಾಗುತ್ತಿತ್ತು.

ಶಿವಪುತ್ರಪ್ಪ ಜೇಬಿನಿಂದ ಒಂದು ಪೊಟ್ಟಣ ತೆಗೆದರು. ನೆನೆದು ಮುದ್ದೆಯಾದ ಅರಳೆ.

"ಹೆಣದ ಕಿವ್ಯಾಗಿತ್ತು. ಯಾರು ಇಟ್ಟವ್ರು?"

ಬಾಗಿಲಲ್ಲಿದ್ದ ದ್ಯಾವಮ್ಮ ಮುಂದೆ ಬಂದಳು. "ನಾನೇ ಸಾಯ್ಬ್ರೆ. ಹಸಿ ಮೈ, ಥಂಡಿ ಹೊಕ್ರೆ ಕಷ್ಟ. ತಲೆಗೂ ಬಟ್ಟೆ ಕಟ್ಟಿ ಕಳ್ಸಿದ್ದೆ."

"ತಲಿಮ್ಯಾಲೆ ಬಟ್ಟಿ ಇರಲಿಲ್ಲಲ್ಲ?"

ಬಟ್ಟೆ ಸಿಕ್ಕಿದ್ದು ಕರೀಂನ ಕಾರಿನ ಹಿಂದಿನ ಸೀಟಿನಡಿ. ಲಾಕಪ್ಪಿನಲ್ಲಿ ಕೇಳಿದಾಗ ಕರೀಂ ಹೇಳಿದ: "ಊರು ಹತ್ರ ಬಂದಾಗ ಸಾವ್ಕಾರ್ರೇ ಕಿತ್ತು ತುರುಕಿದ್ರು ಸಾಬ್. ಮಂದಿ ನೋಡ್ತಾರೆ ಅಂದ್ರು. ನಂಗೆ ಏನೂ ತಿಳೀಲಿಲ್ಲ."

ಸಂಜೆ ಚಂದ್ರಶೇಖರಪ್ಪನನ್ನು ಠಾಣೆಗೆ ಕರೆಸಿದರು. ಮೇಜಿನ ಮೇಲೆ ಬಟ್ಟೆ, ಅರಳೆ.

"ಹೊಟ್ಟಿಹುಣ್ಣಿಗೆ ಯಾರರೆ ತಲಿ ಕಟ್ಟಿ ಕಿವ್ಯಾಗ ಅರಳಿ ಇಡತಾರೇನ್ರಿ? ಬಾಣಂತಿಗೆ ಮಾಡೂದದು. ನಿಮ್ಮ ಮನ್ಯಾಗ ಎಷ್ಟು ಬಾಣಂತನ ನೋಡೀರಿ. ಡಾಕ್ಟ್ರು ಹೇಳಲಿಲ್ಲ, ಆಯಾ ಹೇಳಲಿಲ್ಲ. ಮಗಳ ತಲಿ ನೋಡೇ ತಿಳಕೊಂಡ್ರಿ. ತಿಳೀದವ ಬಟ್ಟಿ ಯಾಕ ಮುಚ್ಚಿಡತಿದ್ದ? ಅರಳಿ ಕೂದಲ ಮರ್ಯಾಗ ಉಳೀತು, ನಿಮಗ ಕಾಣಲಿಲ್ಲ."

ಚಂದ್ರಶೇಖರಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ.

"ಬರೂ ವಾರ ಅಕಿ ಲಗ್ನ ಇತ್ರಿ," ಎಂದ.

ಕರೀಂನನ್ನು ಬಿಟ್ಟ ಮೇಲೆ ಶಿವಪುತ್ರಪ್ಪ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ತಿಳಿಸಿದರು.

"ಅವಳು ತಲೆ ಕಟ್ಟಿಕೊಂಡೇ ನನ್ನೆದುರು ಹಾದು ಹೋದಳು," ಎಂದರು ರಘುಪತಿ. "ದಿನಾ ನೋಡುವುದೇ ಅಲ್ಲವೇ, ನನಗೆ ಏನೂ ಅನ್ನಿಸಲಿಲ್ಲ."

ಒಳಗಿನ ಕೋಣೆಯಲ್ಲಿ ದ್ಯಾವಮ್ಮ ಆಗಷ್ಟೇ ಹೆತ್ತವಳೊಬ್ಬಳ ತಲೆಗೆ ಬಟ್ಟೆ ಸುತ್ತುತ್ತಿದ್ದಳು. ಮಾತೆಲ್ಲ ಅವಳಿಗೆ ಕೇಳಿಸಿತ್ತು. ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು.