ಬಿದ್ದುಹೋದ ಒಂದು ‘ಅಂತೆ’

“ಇಲ್ಲಿ ಕತ್ತರಿ ಅಂದ್ರೆ ಯಾರು?”

ಸುದ್ದಿಮನೆಯ ಬಾಗಿಲಲ್ಲೇ ನಿಂತು ಅವಳು ಕೇಳಿದಳು. ಟೈಪಿಂಗ್ ಸದ್ದು ಒಮ್ಮೆಲೇ ನಿಂತಿತು. ಅವಳ ಕೈಯಲ್ಲಿ ಆ ದಿನದ ಪತ್ರಿಕೆ ಇತ್ತು. ದಾರಿಯುದ್ದಕ್ಕೂ ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳಿಗೆಲ್ಲ ಮಸಿ ಅಂಟಿತ್ತು.

ಮೂಲೆಯ ಮೇಜಿನಿಂದ ಒಬ್ಬ ಕೈ ಎತ್ತಿದ. ಮುಖ್ಯ ಉಪಸಂಪಾದಕ. ವರದಿಗಾರರು ಬರೆದದ್ದನ್ನೆಲ್ಲ ಕತ್ತರಿಸುತ್ತಾನೆಂದು ಅವನಿಗೆ ಆ ಹೆಸರು.

“ನಾನೇ. ಏನು ಕತ್ತರಿಸಿದೀನಿ ಹೇಳಿ.”

“ನನ್ನ ಮರ್ಯಾದೆ.”

ಅವಳು ಪತ್ರಿಕೆಯನ್ನು ಅವನ ಮುಂದೆ ಹರಡಿದಳು. ಮುಖಪುಟದಲ್ಲಿ ದಪ್ಪ ಅಕ್ಷರ: ‘ಒಳ್ಳೆಯ ಸುದ್ದಿ ಓದಿ, ಚಿಂತೆ ಬಿಡಿ: ಮನಶ್ಶಾಸ್ತ್ರಜ್ಞೆ’.

“ನಾನು ಹೀಗೆ ಹೇಳೇ ಇಲ್ಲ. ಸಮಸ್ಯೆಯ ಜತೆಗೆ ಅದಕ್ಕೆ ಯಾರು ಏನು ಮಾಡ್ತಿದ್ದಾರೆ ಅನ್ನೋದನ್ನೂ ಬರೆದ್ರೆ, ಕೆಲವು ಓದುಗರ ಹತಾಶೆ ಸ್ವಲ್ಪ ಕಡಿಮೆ ಆಗಬಹುದು... ಹೇಳಿದ್ದು ಇಷ್ಟೇ. ನಿಮ್ಮ ವರದಿಗಾರರು ಸರಿಯಾಗೇ ಬರೆದಿದ್ರಂತೆ.”

“‘ಕೆಲವು’, ‘ಸ್ವಲ್ಪ’, ‘ಆಗಬಹುದು’. ಒಂದೇ ಸಾಲಿನಲ್ಲಿ ಮೂರೂ ಇಟ್ಕೊಂಡ್ರೆ ಆಮೇಲೆ ಉಳಿಯೋದೇನು ಮೇಡಂ?”

“ಸತ್ಯ.”

ಪಕ್ಕದ ಮೇಜಿನವರು ಕೆಮ್ಮಿನಲ್ಲಿ ನಗು ಅಡಗಿಸಿದರು. ಅವನ ಕಿವಿ ಕೆಂಪಾಯಿತು.

“ಸರಿ. ತಿದ್ದುಪಡಿ ಹಾಕ್ತೀವಿ. ಏಳನೇ ಪುಟದಲ್ಲಿ.”

“ಅಲ್ಲೇನಿರುತ್ತೆ?”

“ಕಳೆದುಹೋದ ನಾಯಿಗಳು...”

“ಸುಳ್ಳು ಮುಖಪುಟದಲ್ಲಿ, ಸತ್ಯ ಕಳೆದುಹೋದ ನಾಯಿ ಪಕ್ಕದಲ್ಲಿ. ಜನ ಪೇಪರ್ ಯಾಕೆ ನಂಬಲ್ಲ ಅಂತ ನಾನು ವರ್ಷಗಟ್ಟಲೆ ಓದಿದ್ದೇ ದಂಡ. ಇಲ್ಲಿಗೇ ಬಂದು ಕೂತಿದ್ರೆ ಸಾಕಿತ್ತು.”

ಹೊರಗೆ ಬಂದ ಮೇಲೆ ಅವಳಿಗೆ ತನ್ನ ಮಾತೇ ಕಿವಿಯಲ್ಲಿ ಕೇಳತೊಡಗಿತು. ‘ಮರ್ಯಾದೆ ಅನ್ನೋ ಮಾತು ಆಡಬಾರದಿತ್ತು. ಅಷ್ಟು ಜೋರಾಗಿಯಂತೂ...’ ಮನೆ ಸೇರುವವರೆಗೆ ಆ ಮಾತನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಆಡಿಕೊಂಡಳು.

ಮರುದಿನ ತಿದ್ದುಪಡಿ ಬಂತು. ಮುಖಪುಟದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ. ಕೊನೆಗೆ ಒಂದು ಸಾಲು: ‘ತಪ್ಪು ಶೀರ್ಷಿಕೆ ಬರೆದವನದು.’

ಅವಳು ಅದನ್ನು ಮತ್ತೆ ಮತ್ತೆ ಓದಿದಳು. ಸಂತೋಷವಾಯಿತು. ಸಂತೋಷವಾದದ್ದಕ್ಕೆ ಸಿಟ್ಟೂ ಬಂತು.

ಆ ವಾರವೇ ಅವನು ವಿಶ್ವವಿದ್ಯಾಲಯಕ್ಕೆ, ಅವಳ ಮನಶ್ಶಾಸ್ತ್ರ ವಿಭಾಗಕ್ಕೆ ಬಂದ. ಇಡೀ ಸಂಶೋಧನೆಯನ್ನು ಓದಬೇಕೆಂದ. ಓದಿದ ಮೇಲೆ ತಲೆ ಕೆರೆದುಕೊಂಡ.

“ರಚನಾತ್ಮಕ ಪತ್ರಿಕೋದ್ಯಮ... ಹೆಸರು ಒಳ್ಳೆ ಸಿಮೆಂಟ್ ಕಂಪನಿ ಜಾಹೀರಾತಿನ ಹಾಗಿದೆ. ಆದ್ರೆ ಒಳಗಿರೋದು ಸರಿ. ನಾವು ಕೆಟ್ಟ ಸುದ್ದಿ ಹೇಳಿ ಬಾಗಿಲು ಹಾಕ್ಕೊಂಡು ಹೋಗಿಬಿಡ್ತೀವಿ. ಓದಿದವನು ಒಳಗೇ ಒಬ್ಬನೇ ಉಳೀತಾನೆ.”

ಅವಳಿಗೆ ಕಿರಿಕಿರಿಯಾಯಿತು. ತಾನು ಹಾಳೆಗಟ್ಟಲೆ ಹೇಳಿದ್ದನ್ನು ಈತ ಇಷ್ಟರಲ್ಲಿ ಹೇಳಿ ಮುಗಿಸಿದ್ದ.

“ನೀವು ಪ್ರಯೋಗಕ್ಕೆ ಬರೆದಿರೋ ಸುದ್ದಿ ಮಾತ್ರ ಓದೋಕಾಗಲ್ಲ ಮೇಡಂ. ಎರಡನೇ ಪ್ಯಾರಾಗೇ ನಿದ್ದೆ ಬರುತ್ತೆ.”

“ಹಾಗಾದ್ರೆ ನೀವೇ ಬರೀರಿ.”

ಹೀಗೆ ಶುರುವಾಯಿತು. ಮಧ್ಯಾಹ್ನದ ಹೊತ್ತು ವಿಭಾಗದ ಎದುರಿನ ಕ್ಯಾಂಟೀನಿನಲ್ಲಿ ಕುಳಿತು ಇಬ್ಬರೂ ಒಂದೇ ಸುದ್ದಿಯನ್ನು ಎರಡು ಬಗೆಯಲ್ಲಿ ಬರೆಯುತ್ತಿದ್ದರು. ಕೊಳವೆ ಒಡೆದು ಬಡಾವಣೆಯ ನೀರು ಕೆಟ್ಟಿದೆ ಎಂಬುದಷ್ಟೇ ಒಂದರಲ್ಲಿ. ಇನ್ನೊಂದರಲ್ಲಿ ಅದರ ಜತೆಗೆ ನೀರು ಪರೀಕ್ಷಿಸಲು ಹೊರಟ ಬೀದಿಯ ಹೆಂಗಸರು, ಅವರು ಸೋತದ್ದೆಲ್ಲಿ, ಗೆದ್ದದ್ದೆಲ್ಲಿ. ಓದುಗರನ್ನು ಕರೆಸಿ ಓದಿಸಿ, ಆಮೇಲೆ ಅದೇ ನೀರಿನ ಬಗ್ಗೆ ಒಂದು ಸುಳ್ಳು ಸಂದೇಶ ತೋರಿಸುವುದು. ಯಾರು ನಂಬುತ್ತಾರೆ, ಯಾರು ನಿಂತು ಯೋಚಿಸುತ್ತಾರೆ ಎಂದು ನೋಡುವುದು.

ಪ್ರತಿ ಪದಕ್ಕೂ ಜಗಳ.

“‘ಹೆಂಗಸರ ಗೆಲುವು’ ಅಂತ ಹಾಕಬೇಡಿ. ಅರ್ಧ ಬೀದಿಗೆ ಇನ್ನೂ ಒಳ್ಳೆ ನೀರು ಬಂದಿಲ್ಲ.”

“‘ಅರ್ಧ ಗೆಲುವು’?”

“‘ಅರ್ಧ ಬೀದಿಗೆ ನೀರು’.”

ಅವನು ಪೆನ್ನು ಕೆಳಗಿಟ್ಟ. “ಛೇ. ಅದೇ ಒಳ್ಳೆ ಶೀರ್ಷಿಕೆ.”

ಒಂದು ದಿನ ಅವಳು ‘ಅಂತೆ’ಯ ಬಗ್ಗೆ ಹೇಳಿದಳು. “ಗಾಳಿಮಾತು ಮೊದಲ ಬಾಯಲ್ಲಿ ‘ನೀರಿನಲ್ಲಿ ವಿಷ ಇದೆಯಂತೆ’ ಅಂತಲೇ ಇರುತ್ತೆ. ಬಾಯಿಂದ ಬಾಯಿಗೆ ಹೋಗ್ತಾ ಆ ‘ಅಂತೆ’ ಎಲ್ಲೋ ಬಿದ್ದುಹೋಗುತ್ತೆ. ಆಮೇಲೆ ಅದು ಗಾಳಿಮಾತಲ್ಲ, ಸುದ್ದಿ. ಅದಕ್ಕೇ ನಾನು ಯಾರೇನು ಹೇಳಿದ್ರೂ ಎರಡು ಪ್ರಶ್ನೆ ಕೇಳ್ತೀನಿ. ಯಾರು ಹೇಳಿದ್ದು? ಅವರಿಗೆ ಯಾರು ಹೇಳಿದ್ದು?”

ಅಂದಿನಿಂದ ಅವನು ಅವಳನ್ನು ‘ಅಂತೆ ಮೇಡಂ’ ಎಂದು ಕರೆಯತೊಡಗಿದ. ಬೇರೆ ಯಾರಾದರೂ ಕರೆದಿದ್ದರೆ ಅವಳು ಸುಮ್ಮನಿರುತ್ತಿರಲಿಲ್ಲ.

ಆ ಎರಡು ಪ್ರಶ್ನೆಗಳಿಗೆ ಮನೆಯಲ್ಲಿ ಕೆಲಸ ಹೆಚ್ಚು. ಅಮ್ಮ ಊರಿಗೆ ಹೋದಾಗಿನಿಂದ ಜತೆಗಿದ್ದ ಚಿಕ್ಕಮ್ಮ ಹಿಂದಿನ ವಾರವಷ್ಟೇ ತನ್ನ ಫೋನನ್ನು ಫ್ರಿಜ್ಜಿನಲ್ಲಿಟ್ಟಿದ್ದಳು. ಬ್ಯಾಟರಿ ಹೊಸದಾಗುತ್ತದೆಂದು ಯಾರೋ ಕಳಿಸಿದ್ದರು.

“ಯಾರು ಹೇಳಿದ್ದು ಚಿಕ್ಕಮ್ಮ?”

“ಗ್ರೂಪಲ್ಲಿ ಬಂದಿತ್ತು.”

“ಗ್ರೂಪಿಗೆ ಯಾರು ಹೇಳಿದ್ದು?”

“ನೀನೇನು ಪೊಲೀಸಾ? ಹೋಗೇ.”

ಮರುದಿನ ಕ್ಯಾಂಟೀನಿನಲ್ಲಿ ಇದನ್ನು ಕೇಳಿ ಅವನು ಬಿದ್ದು ಬಿದ್ದು ನಕ್ಕಿದ್ದ.

ಶುಕ್ರವಾರ ಏಳುವ ಮುನ್ನ ಅವನು ತಣ್ಣಗಾದ ಟೀ ಲೋಟವನ್ನು ತಿರುಗಿಸುತ್ತಾ ಹೇಳಿದ. “ಸೋಮವಾರ ಓದುಗರ ಕೊನೆಯ ತಂಡ ಅಲ್ವಾ? ಅದು ಮುಗಿದ ಮೇಲೆ ನಿಮ್ಮ ಹತ್ತಿರ ಒಂದು ಮಾತು ಹೇಳಬೇಕು. ಕೆಲಸದ್ದಲ್ಲ.”

ಕೆಲಸದ್ದಲ್ಲ... ಶನಿವಾರವಿಡೀ ಅವಳು ಆ ಒಂದು ಪದವನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದಳು. ಎಲ್ಲ ಕಡೆಯಿಂದಲೂ ಅದು ಚೆನ್ನಾಗಿಯೇ ಕಾಣುತ್ತಿತ್ತು. ಅದೇ ಅವಳಿಗೆ ಭಯ.

ಭಾನುವಾರ ಚಿಕ್ಕಮ್ಮ ಟೈಲರಮ್ಮನ ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಲೇ ಹೇಳಿದಳು. “ನಿಮ್ಮ ವಿಭಾಗಕ್ಕೆ ಬರ್ತಾನಲ್ಲ, ಆ ಪೇಪರಿನವನು. ಅವನಿಗೆ ಮದುವೆ ಗೊತ್ತಾಗಿದೆ ಕಣೇ.”

“ಯಾರು ಹೇಳಿದ್ದು?”

“ಟೈಲರಮ್ಮ.”

ಎರಡನೇ ಪ್ರಶ್ನೆ ಅವಳ ಬಾಯಿಗೆ ಬರಲೇ ಇಲ್ಲ.

ಭಯ ಇರುವ ಕಡೆ ಸುದ್ದಿ ಬಾಗಿಲು ತಟ್ಟದೆ ಒಳಗೆ ಬರುತ್ತದೆ ಎಂದು ತರಗತಿಯಲ್ಲಿ ಪಾಠ ಮಾಡಿದವಳು ಅವಳೇ. ಈಗ ಅಡುಗೆಮನೆಯ ನಲ್ಲಿ ತಿರುಗಿಸಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾ ನಿಂತಳು. ‘ಆ ಒಂದು ಮಾತು ಇದೇ. ಮದುವೆಗೆ ಕರೆಯೋದು. ನಾನು ಎಂಥ ದಡ್ಡಿ...’

ಅವನಿಗೆ ಸಂದೇಶ ಕಳಿಸಿದಳು: ‘ಸೋಮವಾರ ನೀವು ಬರುವ ಅಗತ್ಯವಿಲ್ಲ. ಸಹಾಯಕ್ಕೆ ಧನ್ಯವಾದಗಳು.’

ಅವನು ಬಂದೇ ಬಂದ. ಕೊನೆಯ ಓದುಗ ಹೊರಗೆ ಹೋಗುವವರೆಗೆ ಕಾರಿಡಾರಿನ ಬೆಂಚಿನ ಮೇಲೆ ಕುಳಿತಿದ್ದು, ಆಮೇಲೆ ಒಳಗೆ ಬಂದ.

“ಏನಿದು, ‘ಧನ್ಯವಾದಗಳು’? ಬ್ಯಾಂಕಿನವರು ಕಳಿಸಿದ ಹಾಗಿತ್ತು.”

“ಅಭಿನಂದನೆಗಳು,” ಎಂದಳು ಕುರ್ಚಿಗಳನ್ನು ಜೋಡಿಸುತ್ತಾ. ಧ್ವನಿ ಮೃದುವಾಗಿರಬೇಕೆಂದುಕೊಂಡಿದ್ದಳು. ಆಗಲಿಲ್ಲ.

“ಯಾತಕ್ಕೆ?”

“ನಿಮ್ಮ ಮದುವೆಗೆ. ಮೊದಲೇ ಹೇಳಬಹುದಿತ್ತು. ದಿನಾ ಎದುರಿಗೆ ಕೂತು...”

ಅವಳು ಎತ್ತಿದ ಕುರ್ಚಿಯನ್ನು ಅವನು ಹಿಡಿದು ನಿಲ್ಲಿಸಿದ. “ಮೂಲ ಯಾವುದು?”

“ಏನು?”

“ಸುದ್ದಿಯ ಮೂಲ. ಯಾರು ಹೇಳಿದ್ದು?”

“ಚಿಕ್ಕಮ್ಮ. ಅವಳಿಗೆ ನಮ್ಮ ಬೀದಿ ಟೈಲರಮ್ಮ.”

“ಟೈಲರಮ್ಮನಿಗೆ?”

ಅವಳು ಕುರ್ಚಿಯನ್ನು ಅವನ ಕೈಯಿಂದ ಎಳೆದುಕೊಂಡಳು.

“ಕೇಳಲಿಲ್ಲ,” ಎಂದ ಅವನು. ಈಗ ಅವನಿಗೂ ನಿಜವಾಗಿ ಸಿಟ್ಟು ಬಂದಿತ್ತು. “ನನ್ನ ಒಂದು ಶೀರ್ಷಿಕೆಗೆ ಇಡೀ ಆಫೀಸಿನ ಮುಂದೆ ಬೆವರಿಳಿಸಿದ್ರಿ. ಫ್ರಿಜ್ಜಲ್ಲಿಟ್ಟ ಫೋನಿಗೂ ಎರಡು ಪ್ರಶ್ನೆ ಕೇಳ್ತೀರಿ. ನನ್ನ ವಿಷಯಕ್ಕೆ ಒಂದೇ ಸಾಕಾಯ್ತಾ?”

ಬಾಗಿಲು ಹಾಗೇ ಬಿಟ್ಟು ಹೊರಟುಹೋದ.

ಅವಳು ಖಾಲಿ ಕುರ್ಚಿಗಳ ನಡುವೆ ಕುಳಿತಳು. ಅವನು ಸಿಟ್ಟು ಮಾಡಿಕೊಂಡದ್ದು ಸರಿ ಅನ್ನಿಸಿದ್ದೇ ಹೆಚ್ಚು ನೋವು. ಹೋಗಿಬಿಟ್ಟನೆ? ಹಾಗೆ ಹೋಗಿಬಿಟ್ಟರೆ ತಾನು ಯಾವ ಪ್ರಶ್ನೆಯನ್ನು ಯಾರಿಗೆ ಕೇಳುವುದು?

ಸಂಜೆ ಬಿಸಿಲು ಕಿಟಕಿಯಿಂದ ಜಾರುವ ಹೊತ್ತಿಗೆ ಅವನು ಮರಳಿ ಬಂದ. ಅಂಗಿಯ ತೋಳಿನ ಮೇಲೆ ಸೀಮೆಸುಣ್ಣದ ಗೆರೆಗಳು.

“ಇದೇನು?”

“ನಿಮ್ಮ ಟೈಲರಮ್ಮ ಸುಮ್ಮನೆ ಬಾಯಿ ಬಿಡ್ತಾರಾ? ಅಂಗಿ ಹೊಲಿಸ್ತೀನಿ ಅಂತ ಅಳತೆ ಕೊಟ್ಟು ಕೇಳಬೇಕಾಯ್ತು.” ಕುರ್ಚಿ ಎಳೆದು ಕುಳಿತ. “ಅವರಿಗೆ ಹೇಳಿದ್ದು ನಮ್ಮ ಕ್ಯಾಂಟೀನಿನ ಯಜಮಾನ. ಅಲ್ಲಿಂದಲೇ ಬರ್ತಿದೀನಿ. ಆತ ಹೇಳಿದ ಮಾತು ಹೀಗಿದೆ: ‘ಆ ಪೇಪರ್ ಸಾರು ಒಬ್ಬ ಕನ್ನಡಕದ ಹುಡುಗಿ ಜತೆ ದಿನಾ ಕೂತು ಜಗಳ ಆಡ್ತಾರೆ, ಟೀ ಕುಡಿಯೋದೂ ಮರೆತು. ಹಾಗೆ ಜಗಳ ಆಡೋರು ಮದುವೆ ಗೊತ್ತಾದೋರೇ ಇರಬೇಕು.’”

ಅವಳ ಕೈ ತಾನಾಗಿಯೇ ಕನ್ನಡಕದ ಮೇಲೆ ಹೋಯಿತು.

“ಟೈಲರಮ್ಮನ ಬಾಯಲ್ಲಿ ಅದು ‘ಗೊತ್ತಾಗಿದೆಯಂತೆ’ ಆಯ್ತು. ನಿಮ್ಮ ಚಿಕ್ಕಮ್ಮನ ಬಾಯಲ್ಲಿ ‘ಗೊತ್ತಾಗಿದೆ’. ಕನ್ನಡಕ ಟೈಲರಮ್ಮನ ಅಂಗಡಿಯಲ್ಲೇ ಉಳೀತು, ‘ಅಂತೆ’ ದಾರಿಯಲ್ಲಿ ಬಿತ್ತು. ಕತ್ತರಿ ಅಂದ್ರೆ ನಾನೊಬ್ಬನೇ ಅಂದ್ಕೊಂಡಿದ್ದೆ. ಟೈಲರಮ್ಮ ನನ್ನನ್ನೂ ಮೀರಿಸಿದ್ರು.”

ಅವಳಿಗೆ ನಗು ಬಂತು, ಜತೆಗೇ ಕಣ್ಣೂ ತುಂಬಿತು. ಎರಡು ದಿನ ತಾನು ಹೊಟ್ಟೆಕಿಚ್ಚು ಪಟ್ಟದ್ದು ತನ್ನ ಮೇಲೆಯೇ!

“ತಪ್ಪು ನಂದು,” ಎಂದಳು. “ತಿದ್ದುಪಡಿ ಹಾಕಬೇಕು.”

“ನಾನು ಬರೆದೇ ತಂದಿದೀನಿ, ಬಾಯಲ್ಲಿ.” ಅವನು ಗಂಟಲು ಸರಿಮಾಡಿಕೊಂಡ. “ಹುಡುಗನಿಗೆ ಮದುವೆ ಗೊತ್ತಾಗಿಲ್ಲ. ಆ ಕನ್ನಡಕದ ಹುಡುಗಿಯ ಜತೆಗೇ ಗೊತ್ತಾಗಲಿ ಅಂತ ಅವನಿಗೆ ಬಹಳ ಆಸೆ. ಒಂದು ಮಾತು ಹೇಳಬೇಕು ಅಂತ ಶುಕ್ರವಾರ ಅಂದಿದ್ದು ಇದನ್ನೇ. ಹುಡುಗಿಯ ಅಭಿಪ್ರಾಯ ಇನ್ನೂ ತಿಳಿದುಬಂದಿಲ್ಲ.”

ಕಾರಿಡಾರಿನಲ್ಲಿ ಯಾರೋ ನಡೆದುಹೋದರು. ಆ ಹೆಜ್ಜೆ ಸದ್ದು ದೂರವಾಗುವವರೆಗೆ ಅವಳು ಕಾದಳು.

“ಹುಡುಗಿಗೆ... ಸ್ವಲ್ಪ ಇಷ್ಟ ಇರಬಹುದು.”

“‘ಸ್ವಲ್ಪ’. ‘ಇರಬಹುದು’.” ಅವನು ನಿಟ್ಟುಸಿರು ಬಿಟ್ಟ.

“ನಿಮ್ಮ ಕತ್ತರಿ ಏನಾಯ್ತು?”

“ನಿಮ್ಮ ಮಾತಿಗೆ ಇನ್ನು ಕತ್ತರಿ ಹಾಕಲ್ಲ ಅಂತ ಆ ತಿದ್ದುಪಡಿ ಹಾಕಿದ ದಿನವೇ ತೀರ್ಮಾನ ಮಾಡಿದೆ. ಬೇಡದ್ದನ್ನ ನೀವೇ ತೆಗೀಬೇಕು.”

ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಅವನು ಸ್ಪಷ್ಟವಾಗಿ ಕಂಡ, ಸೀಮೆಸುಣ್ಣದ ಗೆರೆಗಳ ಸಮೇತ.

“ಹುಡುಗಿಗೆ ಇಷ್ಟ.”

“ಯಾರು ಹೇಳಿದ್ದು?”

“ನಾನೇ.”

ಅವನು ಎರಡನೇ ಪ್ರಶ್ನೆ ಕೇಳಲಿಲ್ಲ.