ಬಾರದ ಮಂಗನಬಾವು

"ರಕ್ತ ನಂದು. ಸುದ್ದಿ ಮಾತ್ರ ಮಂದಿಗೆಲ್ಲಾ ಮೊದಲ!"

ಲ್ಯಾಬಿನ ಬಾಗಿಲಲ್ಲಿ ನಿಂತು ನರ್ಸ್ ವಂದನಾ ಗುಡುಗಿದಳು. ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಿದ್ದ ಧೀರೇಂದ್ರ ತಲೆ ಎತ್ತಲಿಲ್ಲ. ತನ್ನ ಕಣ್ಣು ನೋಡಿದರೆ ಅವನ ಬಾಯಿ ಕಟ್ಟುತ್ತದೆ ಎಂಬುದು ಅವಳಿಗೂ ಗೊತ್ತು.

ವಿಜಯಪುರದ ಆ ಮಕ್ಕಳ ಆಸ್ಪತ್ರೆಗೆ ಮಂಗನಬಾವು ಆದ ಮಕ್ಕಳು ಸಾಲುಗಟ್ಟಿ ಬರುತ್ತಿದ್ದರು. ನರ್ಸುಗಳ ಮೈಯಲ್ಲಿ ಅದನ್ನು ತಡೆಯುವ ಶಕ್ತಿ ಇದೆಯೋ ಇಲ್ಲವೋ ಎಂದು ಎಲ್ಲರ ರಕ್ತ ಪರೀಕ್ಷೆ ಮಾಡಿಸಿದರು. ತನಗೆ ಚಿಕ್ಕಂದಿನಲ್ಲೇ ಬಂದು ಹೋಗಿದೆ ಎಂದು ಅವ್ವ ಹೇಳುತ್ತಿದ್ದ ಧೈರ್ಯದಲ್ಲಿ ವಂದನಾ ನಗುತ್ತ ತೋಳು ಚಾಚಿದ್ದಳು. ಧೀರೇಂದ್ರ ಹತ್ತಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒತ್ತಿ ಹಿಡಿದಿದ್ದ. ಅವಳೂ ಕೈ ಎಳೆದುಕೊಂಡಿರಲಿಲ್ಲ.

ಅಂಥವನು ಇವತ್ತು ರಿಪೋರ್ಟು ಬಂದ ಕೂಡಲೇ ನೆಟ್ಟಗೆ ಹೆಡ್ ಸಿಸ್ಟರ್ ವಿದ್ಯಾವತಿಯ ಬಳಿ ಹೋಗಿ, ವಂದನಾಗೆ ಆ ಶಕ್ತಿ ಇಲ್ಲ, ವಾರ್ಡಿಗೆ ಬಿಡಬೇಡಿ ಎಂದಿದ್ದ. ಅವಳಿಗೆ ಗೊತ್ತಾದದ್ದು ವಾರ್ಡಿನ ಬಾಗಿಲಿಂದ ಎಲ್ಲರೆದುರು ವಾಪಸ್ ಕಳಿಸಿದಾಗ.

"ನಮ್ಮವ್ವ ಸುಳ್ಳು ಹೇಳ್ಯಾಳೇನ್ರಿ?" ಎಂದು ಅಲ್ಲೇ ನಿಡೋಣಿಯಲ್ಲಿದ್ದ ಅವ್ವನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಕೇಳಿದಳು.

"ಬಾವು ಬಂದಿದ್ದು ನಿಮ್ಮಕ್ಕಗಲ್ಲೇನ ಯವ್ವಾ," ಎಂದಳು ತುಳಸಾಬಾಯಿ. "ಅಕಿಗಷ್ಟ ಲೇಪ ಹಚ್ಚಿದ್ರ ನನಗೂ ಬೇಕು ಅಂತ ನೀ ಅತ್ತಿ. ಸುಮ್ಮನಾಗ್ಲಿ ಅಂತ ನಿನ್ನ ಗಲ್ಲಕ್ಕೂ ಹಚ್ಚಿದ್ನಿ. ಓಣಿಯವ್ರು ಇಬ್ಬರಿಗೂ ಬಂದದ ಅಂದ್ರು. ನಾನೂ ಹಂಗ ಅನಕೋತ ಬಂದ್ನಿ."

ಧೀರೇಂದ್ರನ ತುಟಿ ಅಲುಗಿತು.

"ನಕ್ಕೀರಂದ್ರ ನೋಡ್ರಿ!" ಫೋನು ಇಟ್ಟು ವಂದನಾ ಕೆಂಪಾದಳು. "ಬಾವು ಬಂದಿಲ್ಲ, ಆತು. ನಿಮಗೇನಾಗಿತ್ತು? ಮೊದಲ ನನಗ ಹೇಳಾಕ ಬಾಯಿ ಇರಲಿಲ್ಲೇನು?"

ಅವನು ಕೊನೆಗೂ ತಲೆ ಎತ್ತಿದ. "ಹೆದರಿದ್ನಿರಿ. ಮೊದಲ ನಿಮಗ ಹೇಳಿದ್ರ, ಇವತ್ತೊಂದಿನ ವಾರ್ಡಿಗೆ ಬಿಡ್ರಿ ಅಂತಿದ್ರಿ ನೀವು. ನೀವು ಅಂದ ಮ್ಯಾಲ ನನಗ ಇಲ್ಲ ಅನ್ನಾಕ ಬರೂದಿಲ್ಲ. ನಿಮಗ ಬ್ಯಾನಿ ಬಂದ್ರ ತಡಕೊಳ್ಳಾಕೂ ಆಗೂದಿಲ್ಲ."

ಆ ಮಾತಿನ ಅರ್ಥ ವಂದನಾಗೆ ತಿಳಿಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಪ್ರೀತಿ ಇದ್ದವನು ಬೆನ್ನ ಹಿಂದೆ ಮಾತಾಡುವುದೆಂದರೇನು? ಇಂಥವನನ್ನು ನಂಬಿ ಸಂಸಾರ ಮಾಡುವುದು ಹೇಗೆ?

"ತಪ್ಪಾತ್ರಿ," ಎಂದ ಅವನು.

ಅಷ್ಟರಲ್ಲಿ ವಿದ್ಯಾವತಿ ಸೂಜಿಯ ಟ್ರೇ ಹಿಡಿದು ಬಂದರು. "ತೋಳು ತೋರಸವಾ, ಲಸಿಕಿ ಹಾಕ್ತೀನಿ. ಇದಾದ ಮ್ಯಾಲ ಒಂದು ತಿಂಗಳು ಬಸುರಾಗಬಾರದು. ಮದುವಿ ಗಿದುವಿ ನಿಕ್ಕಿ ಆಗ್ಯಾದೇನು?"

ಧೀರೇಂದ್ರ ನಡುವೆ ಬಾಯಿ ಹಾಕಿದ. "ಸಿಸ್ಟರ್, ಅದೇನಂದ್ರ, ನಾನು ವಂದನಾ ಅವರನ್ನ..."

"ಮತ್ತ ಅವರಿಗೇ ಹೇಳಾಕತ್ತೀರಲ್ರಿ!" ವಂದನಾ ಸಿಡಿದಳು. "ಈ ಕಡೆ ತಿರುಗ್ರಿ. ಮೊದಲ ನನ್ನ ಕೇಳ್ರಿ."

ಅವನು ತಿರುಗಿದ. ತೊದಲುತ್ತ ಕೇಳಿದ.

"ಹೂಂ," ಎಂದಳು ವಂದನಾ, ಗಂಟಿಕ್ಕಿದ ಹುಬ್ಬು ಸಡಿಲಿಸದೇ ವಿದ್ಯಾವತಿಯತ್ತ ತೋಳು ಚಾಚುತ್ತ. "ಆದ್ರ ತಿಂಗಳು ಮುಗದ ಮ್ಯಾಲ."